ಮೂವತ್ತು ಸಾವಿರ ಪದ. ಆಡಲು ಒಂದು ಮಾತಿಲ್ಲ!

ಹತ್ತೊಂಬತ್ತನೆಯ ಶತಮಾನದ ನಡುಗಾಲ. ಫ್ರಾನ್ಸ್ ದೇಶದ ತರುಣ ಲ್ಯಾಟಿನ್ ಉಪಾಧ್ಯಾಯನೊಬ್ಬನಿಗೆ ಜರ್ಮನ್ ಭಾಷೆಯನ್ನು ಕಲಿತು, ಆ ನಾಡಿನ ತತ್ತ್ವಜ್ಞಾನಿಗಳ ಉಪನ್ಯಾಸಗಳನ್ನು ಅವರ ಬಾಯಿಂದಲೇ ಕೇಳಬೇಕೆಂಬ ಹಂಬಲ ಹುಟ್ಟಿತು. ಅವನ ಹೆಸರು ಫ್ರಾನ್ಸ್ವಾ ಗುವಾನ್. ಲ್ಯಾಟಿನ್ ಕಲಿತ ಬಗೆಯಲ್ಲಿಯೇ ಜರ್ಮನ್ ಭಾಷೆಯನ್ನೂ ಗೆದ್ದುಬಿಡುವೆನೆಂಬ ಧೈರ್ಯದಿಂದ ಅವನು ಹ್ಯಾಂಬರ್ಗ್ ನಗರಕ್ಕೆ ಬಂದಿಳಿದನು. ಒಂದು ವ್ಯಾಕರಣ ಗ್ರಂಥವನ್ನು ತರಿಸಿಕೊಂಡು ಕೋಣೆಯ ಬಾಗಿಲಿಕ್ಕಿ ಕುಳಿತನು. ಹತ್ತೇ ದಿನಗಳಲ್ಲಿ ವ್ಯಾಕರಣವೆಲ್ಲ ಕಂಠಸ್ಥವಾಯಿತು. ಅದರೊಡನೆ ನಿಯಮಕ್ಕೆ ಒಗ್ಗದ 248 ಕ್ರಿಯಾಪದಗಳೂ ನಾಲಗೆಯ ತುದಿಗೆ ಬಂದವು. ವಿಜಯೋತ್ಸಾಹದಿಂದ ವಿದ್ಯಾಲಯಕ್ಕೆ ಹೋಗಿ ಪ್ರಾಧ್ಯಾಪಕರ ಉಪನ್ಯಾಸಕ್ಕೆ ಕಿವಿಗೊಟ್ಟನು. ಆದರೇನು? ಒಂದು ಪದವಾದರೂ ತಿಳಿಯಲಿಲ್ಲ!

ಗುವಾನ್ ಎದೆಗುಂದುವ ಆಸಾಮಿಯಲ್ಲ. ವ್ಯಾಕರಣ ಸಾಲದು, ಧಾತುಗಳು ಬೇಕೆಂದುಕೊಂಡು ಎಂಟುನೂರು ಧಾತುಗಳನ್ನು ಉರು ಹೊಡೆದನು. ಮತ್ತೆ ಸೋಲು. ಗಯಟೆ, ಷಿಲ್ಲರ್ ಮಹಾಕವಿಗಳ ಕೃತಿಗಳನ್ನು ಭಾಷಾಂತರಿಸಲು ಹೊರಟನು, ಅದೂ ಕೈಗೂಡಲಿಲ್ಲ. ಪರಿಚಯದ ಕ್ಷೌರದಂಗಡಿಯೊಂದರಲ್ಲಿ ಗಂಟೆಗಟ್ಟಲೆ ಕುಳಿತು, ಬಂದವರ ಮಾತಿಗೆ ಕಿವಿಗೊಟ್ಟು, ತಾನು ಮೊದಲೇ ಹೊಸೆದಿಟ್ಟುಕೊಂಡಿದ್ದ ವಾಕ್ಯವೊಂದನ್ನು ಆಗಾಗ ಹೊರಗೆಡಹುತ್ತಿದ್ದನು. ಕೇಳಿದವರು ನಕ್ಕರು. ನಾಚಿದ ಗುವಾನ್ ಮಾತಿನ ಹಾದಿಯನ್ನೇ ಬಿಟ್ಟು ಮತ್ತೆ ಪುಸ್ತಕದ ಹಾದಿ ಹಿಡಿದನು. ಕೊನೆಗೆ, ಯಾರೂ ಮಾಡದ ಸಾಹಸವೊಂದನ್ನು ಮಾಡಿದನು. ಮೂವತ್ತು ಸಾವಿರ ಪದಗಳ ನಿಘಂಟನ್ನೇ ಒಂದು ತಿಂಗಳಲ್ಲಿ ಬಾಯಿಪಾಠ ಮಾಡಿದನು! ಕಣ್ಣು ಕೆಡುವಷ್ಟು ಓದಿದ ಮೇಲೆ ಮತ್ತೆ ವಿದ್ಯಾಲಯಕ್ಕೆ ಹೋದರೆ, ಮೊದಲ ದಿನ ಎಷ್ಟು ತಿಳಿದಿತ್ತೋ ಅಷ್ಟೇ ತಿಳಿಯಿತು. ಎಂದರೆ, ಏನೂ ಇಲ್ಲ.

ಇದು ಕಟ್ಟುಕಥೆಯಲ್ಲ. 1880ರಲ್ಲಿ ತಾನು ಪ್ರಕಟಿಸಿದ, ಭಾಷೆಗಳ ಬೋಧನೆ ಹಾಗೂ ಅಧ್ಯಯನದ ಕಲೆಯನ್ನು ಕುರಿತ ಗ್ರಂಥದಲ್ಲಿ ಗುವಾನ್ ತನ್ನ ಈ ಪಾಡನ್ನು ತಾನೇ ಮುಚ್ಚುಮರೆಯಿಲ್ಲದೆ ಬರೆದುಕೊಂಡಿದ್ದಾನೆ. ಓದಿ ನಗುವುದು ಸುಲಭ. ಆದರೆ ನಕ್ಕು ಮುಗಿದ ಮೇಲೆ ನಮ್ಮ ಮನೆಗಳತ್ತ ಒಮ್ಮೆ ನೋಡೋಣ. ಹತ್ತು ಹನ್ನೆರಡು ವರ್ಷ ಶಾಲೆಯಲ್ಲಿ ಇಂಗ್ಲಿಷ್ ಓದಿ, ಪರೀಕ್ಷೆಯಲ್ಲಿ ನೂರಕ್ಕೆ ಎಂಬತ್ತು ಅಂಕ ಪಡೆದ ಹುಡುಗ, ಕೆಲಸದ ಸಂದರ್ಶನದಲ್ಲಿ ತನ್ನ ಊರಿನ ವಿಚಾರವಾಗಿ ನಾಲ್ಕು ಮಾತು ಹೇಳೆಂದರೆ ಬೆವರುವುದನ್ನು ನಾವು ಕಂಡಿಲ್ಲವೆ? ಅವನ ತಲೆಯಲ್ಲಿ ಪದಗಳಿಗೆ ಬರವಿಲ್ಲ; ವ್ಯಾಕರಣಕ್ಕೂ ಕೊರತೆಯಿಲ್ಲ. ಇಷ್ಟೆಲ್ಲ ಇದ್ದೂ ಬಾಯಿ ಏಕೆ ಕಟ್ಟುತ್ತದೆ? ತಪ್ಪು ಹುಡುಗನದೋ, ಉಪಾಧ್ಯಾಯರದೋ, ಅವನ ಕೈಗೆ ಕೊಟ್ಟ ಪಠ್ಯಪುಸ್ತಕದ್ದೋ?

ಪುಸ್ತಕ ಬಂದ ದಾರಿ

ಪರಭಾಷೆಯನ್ನು ಪುಸ್ತಕದಿಂದ ಕಲಿಸುವ ಪದ್ಧತಿಯನ್ನು ಸುಮ್ಮನೆ ಹಳಿಯುವುದು ನ್ಯಾಯವಲ್ಲ. ಯೂರೋಪಿನಲ್ಲಿ ಶತಮಾನಗಳ ಕಾಲ ‘ಪರಭಾಷೆ’ಯೆಂದರೆ ಲ್ಯಾಟಿನ್. ಯಾವ ತಾಯಿಯೂ ಆ ಭಾಷೆಯಲ್ಲಿ ಮಗುವನ್ನು ತೂಗುತ್ತಿರಲಿಲ್ಲ. ಯಾವ ಸಂತೆಯಲ್ಲಿಯೂ ಅದರಲ್ಲಿ ಚೌಕಾಶಿ ನಡೆಯುತ್ತಿರಲಿಲ್ಲ. ಅಂಥ ಭಾಷೆಯನ್ನು ಗ್ರಂಥಗಳಿಂದಲೇ ಕಲಿಯಬೇಕು, ವಿಭಕ್ತಿಗಳನ್ನು ಹೇಳಬೇಕು, ವಾಕ್ಯವನ್ನು ಬಿಡಿಸಿ ಭಾಷಾಂತರಿಸಬೇಕು. ನಮ್ಮಲ್ಲಿ ಸಂಸ್ಕೃತವನ್ನು ಶಬ್ದ, ಧಾತು, ಅಮರಕೋಶಗಳಿಂದ ಕಲಿತ ಹಿರಿಯರಿಗೆ ಈ ಕ್ರಮ ಹೊಸದೇನೂ ಅಲ್ಲ. ತೊಡಕು ಹುಟ್ಟಿದ್ದು ಅನಂತರ. ಫ್ರೆಂಚ್, ಜರ್ಮನ್, ಇಂಗ್ಲಿಷುಗಳಂಥ ಜೀವಂತ ಭಾಷೆಗಳು ಶಾಲೆಯೊಳಕ್ಕೆ ಬಂದಾಗ, ಅವುಗಳಿಗೂ ಲ್ಯಾಟಿನ್ನಿನ ಅಂಗಿಯನ್ನೇ ತೊಡಿಸಲಾಯಿತು. ಮಾತನಾಡುವ ಭಾಷೆಯನ್ನು ಮಾತಿಲ್ಲದ ಭಾಷೆಯಂತೆ ಕಲಿಸಿದರು.

ಹಾಗೆಂದು ಪುಸ್ತಕ ಬರೆದವರೆಲ್ಲರೂ ಕುರುಡರಾಗಿರಲಿಲ್ಲ. ಮೊರೇವಿಯಾದಲ್ಲಿ 1592ರಲ್ಲಿ ಹುಟ್ಟಿದ ಕೊಮೇನಿಯಸ್ ಎಂಬ ಶಿಕ್ಷಣತಜ್ಞ 1658ರಲ್ಲಿ ನ್ಯೂರೆಂಬರ್ಗ್ ನಗರದಿಂದ ಒಂದು ಸಚಿತ್ರ ಪುಸ್ತಕವನ್ನು ಹೊರತಂದನು. ಲ್ಯಾಟಿನ್ ಮತ್ತು ಜರ್ಮನ್ ಭಾಷೆಗಳು ಅದರಲ್ಲಿ ಅಕ್ಕಪಕ್ಕದಲ್ಲಿದ್ದವು. ಪ್ರತಿ ಪಾಠಕ್ಕೂ ಒಂದು ಚಿತ್ರ. ಚಿತ್ರದೊಳಗಿನ ವಸ್ತುಗಳಿಗೆ ಅಂಕಿ. ಆ ಅಂಕಿಗೆ ತಕ್ಕ ಪದ. ಕಣ್ಣಿಗೆ ಕಂಡ ವಸ್ತುವಿನೊಡನೆ ಪದ ಕೂಡಿದರೆ ಮಾತ್ರ ಅದು ಮನಸ್ಸಿನಲ್ಲಿ ನಿಲ್ಲುತ್ತದೆ ಎಂಬುದು ಅವನ ನಂಬಿಕೆ. ಅಕ್ಷರಮಾಲೆಯನ್ನು ಸಹ ಅವನು ಪ್ರಾಣಿಗಳ ಕೂಗಿನಿಂದ ಆರಂಭಿಸಿದ್ದನು. ಕಾಗೆಯ ಕೂಗಿಗೆ ಒಂದಕ್ಷರ, ಕುರಿಮರಿಯ ಕೂಗಿಗೆ ಇನ್ನೊಂದಕ್ಷರ. ಮೊದಲು ಕಿವಿ, ಆಮೇಲೆ ಕಣ್ಣು! ಇಂದು ನಮ್ಮ ಮಕ್ಕಳ ಕೈಯಲ್ಲಿರುವ ಬಣ್ಣಬಣ್ಣದ ಚಿತ್ರಪುಸ್ತಕಗಳಿಗೆಲ್ಲ ಆ ಹೊತ್ತಗೆಯೇ ಮುತ್ತಜ್ಜಿ.

ಹಿಟ್ಟಿನ ಗಿರಣಿಯಲ್ಲಿ ಸಿಕ್ಕ ಗುರು

ಗುವಾನನ ಕಥೆಯನ್ನು ಅರ್ಧಕ್ಕೆ ನಿಲ್ಲಿಸಿದೆವು. ಸೋತು ಸುಣ್ಣವಾಗಿ ಊರಿಗೆ ಮರಳಿದ ಅವನಿಗೆ ಮನೆಯಲ್ಲಿ ಒಂದು ಆಶ್ಚರ್ಯ ಕಾದಿತ್ತು. ಅವನು ಹೊರಡುವಾಗ ತೊದಲುತ್ತಿದ್ದ, ಮೂರು ವರ್ಷದ ಆಸುಪಾಸಿನ ಸೋದರಳಿಯ ಈಗ ಪಟಪಟನೆ ಮಾತನಾಡುತ್ತಿದ್ದ! ವಯಸ್ಸಾದ ವಿದ್ವಾಂಸ ಹಗಲಿರುಳು ದುಡಿದೂ ಸಾಧಿಸಲಾರದುದನ್ನು ಈ ಪುಟ್ಟ ಪೋರ ಆಟವಾಡುತ್ತಲೇ ಸಾಧಿಸಿದ್ದನು.

ಒಂದು ದಿನ ತಾಯಿ ಆ ಮಗುವನ್ನು ಹಿಟ್ಟಿನ ಗಿರಣಿಗೆ ಕರೆದುಕೊಂಡು ಹೋದಳು. ಮಗು ಮೂಲೆಮೂಲೆಯನ್ನೂ ನೋಡಿತು. ಇದೇನು, ಅದೇನು ಎಂದು ಕೇಳಿತು. ಮನೆಗೆ ಬಂದ ಮೇಲೆ ಬಹಳ ಹೊತ್ತು ಮೌನವಾಗಿ ಕುಳಿತಿತ್ತು. ಆಮೇಲೆ ಕಂಡವರಿಗೆಲ್ಲ ಗಿರಣಿಯ ವರದಿ ಒಪ್ಪಿಸತೊಡಗಿತು. ಮೊದಲು ಹೀಗಾಯಿತು, ಆಮೇಲೆ ಹೀಗಾಯಿತು, ಅದಾದ ಮೇಲೆ ಹೀಗಾಯಿತು ಎಂದು. ಅಷ್ಟಕ್ಕೇ ತೃಪ್ತಿಯಾಗದೆ, ನೀರಿನ ಬಳಿ ಆಟದ ಗಿರಣಿಯೊಂದನ್ನು ಮಾಡಿಸಿಕೊಂಡು, ಮರಳನ್ನೇ ಧಾನ್ಯವೆಂದು ಹೊತ್ತು, ಬೀಸಿ, ಪ್ರತಿ ಕೆಲಸಕ್ಕೂ ತಕ್ಕ ಮಾತನ್ನು ಜೋರಾಗಿ ಹೇಳುತ್ತ ಆಡಿತು.

ಗುವಾನನ ಕಣ್ಣು ತೆರೆಯಿತು. ಮಗು ಪದಗಳನ್ನು ಪಟ್ಟಿಯಾಗಿ ಕಲಿಯಲಿಲ್ಲ; ನಡೆದ ಸಂಗತಿಯನ್ನು ಒಂದರ ಹಿಂದೊಂದಾಗಿ ಮಾತಿನಲ್ಲಿ ಪೋಣಿಸಿತು. ಈ ತತ್ತ್ವದ ಮೇಲೆ ಅವನು ‘ಸರಣಿ’ ಪಾಠಗಳನ್ನು ರಚಿಸಿದನು. ನಮ್ಮ ಅಡುಗೆಮನೆಗೆ ಒಪ್ಪುವಂತೆ ಹೇಳುವುದಾದರೆ ಹೀಗೆ: ಪಾತ್ರೆ ತೆಗೆಯುತ್ತೇನೆ, ನೀರು ಹಾಕುತ್ತೇನೆ, ಒಲೆ ಹಚ್ಚುತ್ತೇನೆ, ನೀರು ಕುದಿಯುತ್ತದೆ, ಫಿಲ್ಟರಿಗೆ ಪುಡಿ ಹಾಕುತ್ತೇನೆ, ಮೇಲೆ ಬಿಸಿನೀರು ಸುರಿಯುತ್ತೇನೆ, ಡಿಕಾಕ್ಷನ್ ಇಳಿಯುತ್ತದೆ. ಒಂದು ವಾಕ್ಯದ ಬಾಲವನ್ನು ಹಿಡಿದು ಇನ್ನೊಂದು ಬರುತ್ತದೆ. ಕೈ ಮಾಡುತ್ತದೆ, ಬಾಯಿ ಹೇಳುತ್ತದೆ. ಭಾಷಾಂತರಕ್ಕೆ ಅವಕಾಶವೇ ಇಲ್ಲ. ಅದರ ಅಗತ್ಯವೂ ಇಲ್ಲ.

ಇದೇ ಹೊತ್ತಿಗೆ ಅಮೆರಿಕದಲ್ಲಿ ಇನ್ನೊಂದು ವಿನೋದದ ಸಂಗತಿ ನಡೆಯಿತು. ಜರ್ಮನಿಯಿಂದ ವಲಸೆ ಹೋಗಿದ್ದ ಮ್ಯಾಕ್ಸಿಮಿಲಿಯನ್ ಬರ್ಲಿಟ್ಸ್ ಎಂಬಾತ 1878ರಲ್ಲಿ ಪ್ರಾವಿಡೆನ್ಸ್ ನಗರದಲ್ಲಿ ಭಾಷಾಶಾಲೆಯೊಂದನ್ನು ನಡೆಸುತ್ತಿದ್ದನು. ಫ್ರೆಂಚ್ ಕಲಿಸಲು ನಿಕೊಲಾಸ್ ಜೋಲಿ ಎಂಬ ಸಹಾಯಕನನ್ನು ಪತ್ರಮುಖೇನ ಗೊತ್ತುಮಾಡಿಕೊಂಡನು. ಆಸಾಮಿ ಬಂದ ಮೇಲೆ ನೋಡಿದರೆ ಅವನಿಗೆ ಇಂಗ್ಲಿಷಿನ ಗಂಧವೇ ಇಲ್ಲ! ಅಷ್ಟರಲ್ಲಿ ಬರ್ಲಿಟ್ಸ್ ಕಾಯಿಲೆ ಬಿದ್ದನು. ಬೇರೆ ದಾರಿಯಿಲ್ಲದೆ, ವಸ್ತುಗಳನ್ನು ತೋರಿಸಿ, ಕ್ರಿಯೆಗಳನ್ನು ನಟಿಸಿ, ಹೇಗಾದರೂ ತರಗತಿಯನ್ನು ಸಾಗಿಸೆಂದು ಜೋಲಿಗೆ ಹೇಳಿ ಹಾಸಿಗೆ ಹಿಡಿದನು. ಆರು ವಾರ ಕಳೆದು, ವಿದ್ಯಾರ್ಥಿಗಳು ಜಗಳಕ್ಕೆ ಬರುವರೋ ಏನೋ ಎಂದು ಅಂಜುತ್ತ ಬಂದ ಬರ್ಲಿಟ್ಸನಿಗೆ ಕಂಡದ್ದೇ ಬೇರೆ: ಅವರೆಲ್ಲ ಫ್ರೆಂಚಿನಲ್ಲಿಯೇ ಪ್ರಶ್ನೋತ್ತರ ನಡೆಸುತ್ತಿದ್ದರು! ಆ ಸಂಸ್ಥೆಯವರು ತಮ್ಮ ಪದ್ಧತಿಯ ಹುಟ್ಟನ್ನು ಹೀಗೆ ಹೇಳಿಕೊಳ್ಳುತ್ತಾರೆ. ಕಲಿಯುವವನ ಭಾಷೆಯನ್ನು ಬಳಸದೆ ಕಲಿಸುವ ಈ ಕ್ರಮಕ್ಕೆ ‘ನೇರ ಪದ್ಧತಿ’ ಎಂಬ ಹೆಸರು ಬಂದಿತು.

1882ರಲ್ಲಿ ಜರ್ಮನಿಯ ವಿಲ್ಹೆಲ್ಮ್ ಫಿಯೆಟರ್ ಭಾಷಾಬೋಧನೆ ಹಿಂದುಮುಂದಾಗಬೇಕೆಂದು ಗುಡುಗಿ, ಗುಪ್ತನಾಮದಲ್ಲಿ ಒಂದು ಕಿರುಹೊತ್ತಗೆಯನ್ನೇ ಹೊರಡಿಸಿದನು. 1886ರಲ್ಲಿ ಪ್ಯಾರಿಸಿನಲ್ಲಿ ಪೌಲ್ ಪಾಸಿ ಮೊದಲಾದ ಉಪಾಧ್ಯಾಯರು ಧ್ವನಿಶಾಸ್ತ್ರದ ಸಂಘವೊಂದನ್ನು ಕಟ್ಟಿದರು. ಇಂದು ನಿಘಂಟುಗಳಲ್ಲಿ ಉಚ್ಚಾರಣೆ ತೋರಿಸುವ ಅಂತರರಾಷ್ಟ್ರೀಯ ಧ್ವನಿಲಿಪಿ ಆ ಸಂಘದ ಕೊಡುಗೆ. ಭಾಷೆಯೆಂದರೆ ಮೊದಲು ಧ್ವನಿ, ಬರಹ ಆಮೇಲೆ ಎಂಬ ಮಾತು ಹೀಗೆ ಪಂಡಿತರ ಸಭೆಯಲ್ಲಿ ಸ್ಥಾನ ಪಡೆಯಿತು.

ಮಾತನಾಡುವ ಯಂತ್ರಗಳು

ಎಡಿಸನ್ನನ ಧ್ವನಿಮುದ್ರಣ ಯಂತ್ರ 1877ರಲ್ಲಿ ಹುಟ್ಟಿತಷ್ಟೆ. ಉಪಾಧ್ಯಾಯನ ಗಂಟಲು ಸೋತರೂ ಸೋಲದ ಗಂಟಲೊಂದು ದೊರೆತಂತಾಯಿತು. 1901ರಲ್ಲಿ ಲಂಡನ್ನಿನಲ್ಲಿ ಆರಂಭವಾದ ಲಿಂಗ್ವಫೋನ್ ಸಂಸ್ಥೆ ಭಾಷಾಪಾಠಗಳನ್ನು ಧ್ವನಿಮುದ್ರಿಸಿ ಮನೆಮನೆಗೆ ಕಳುಹಿಸತೊಡಗಿತು. ಎರಡನೆಯ ಮಹಾಯುದ್ಧದ ಸಮಯದಲ್ಲಿ, 1943ರಲ್ಲಿ, ಅಮೆರಿಕದ ಸೈನ್ಯ ತನ್ನವರಿಗೆ ದೂರದೇಶದ ಭಾಷೆಗಳನ್ನು ತ್ವರಿತವಾಗಿ ಕಲಿಸುವ ವಿಶೇಷ ಶಿಕ್ಷಣವನ್ನು ವಿಶ್ವವಿದ್ಯಾಲಯಗಳಲ್ಲಿ ಏರ್ಪಡಿಸಿತು. ಅಲ್ಲಿನ ವ್ಯವಸ್ಥೆ ಗಮನಾರ್ಹವಾದದ್ದು. ಭಾಷೆಯ ರಚನೆಯನ್ನು ವಿವರಿಸಲು ಒಬ್ಬ ಭಾಷಾವಿಜ್ಞಾನಿ, ಆಡಿ ತೋರಿಸಲು ಆ ಭಾಷೆಯನ್ನು ತಾಯಿನುಡಿಯಾಗಿ ಉಳ್ಳ ಒಬ್ಬ ವ್ಯಕ್ತಿ, ಸಣ್ಣ ತರಗತಿ, ದಿನದಿನವೂ ಮಾತಿನ ಸಾಧನೆ.

ಯುದ್ಧ ಮುಗಿದ ಮೇಲೆ ಈ ಕ್ರಮ ಶಾಲೆಗಳಿಗೆ ಇಳಿಯಿತು. 1957ರಲ್ಲಿ ರಷ್ಯದ ಸ್ಪುಟ್ನಿಕ್ ಆಕಾಶಕ್ಕೇರಿದಾಗ ಬೆಚ್ಚಿದ ಅಮೆರಿಕ, 1958ರ ಶಿಕ್ಷಣ ಕಾಯಿದೆಯ ಮೂಲಕ ಪರಭಾಷಾ ಬೋಧನೆಗೂ ಧಾರಾಳವಾಗಿ ಹಣ ಸುರಿಯಿತು. ಎಲ್ಲೆಲ್ಲೂ ‘ಭಾಷಾ ಪ್ರಯೋಗಾಲಯ’ಗಳು ಎದ್ದವು. ಒಬ್ಬೊಬ್ಬ ವಿದ್ಯಾರ್ಥಿಗೂ ಒಂದೊಂದು ಗೂಡು, ಕಿವಿಗೆ ಶ್ರವಣಯಂತ್ರ, ಟೇಪು ಹೇಳಿದ ವಾಕ್ಯವನ್ನು ಅವನು ಮತ್ತೆ ಹೇಳಬೇಕು, ಒಂದು ಪದ ಬದಲಾಯಿಸಿ ಇನ್ನೊಮ್ಮೆ ಹೇಳಬೇಕು. ಸೈನ್ಯದ ಪದ್ಧತಿಯಿಂದ ಶಾಲೆಗಳು ತೆಗೆದುಕೊಂಡದ್ದು ಪುನರುಚ್ಚಾರವನ್ನು. ಬಿಟ್ಟದ್ದು ಎದುರಿಗೆ ಕುಳಿತ ಮನುಷ್ಯನನ್ನು. ಫಲವೂ ಅದಕ್ಕೆ ತಕ್ಕುದಾಯಿತು. ಗೂಡಿನೊಳಗೆ ಗಿಳಿಯಂತೆ ನುಡಿದವನು ಹೊರಗೆ ಬಂದು, ನಿರೀಕ್ಷಿಸದ ಒಂದು ಪ್ರಶ್ನೆ ಎದುರಾದರೆ ತಬ್ಬಿಬ್ಬಾದನು. ಏಕೆಂದರೆ ಟೇಪು ಎಂದೂ ಅನಿರೀಕ್ಷಿತವಾದ ಪ್ರಶ್ನೆ ಕೇಳುವುದಿಲ್ಲ. ಅರ್ಥವಾಗಲಿಲ್ಲವೆಂದು ಹುಬ್ಬು ಗಂಟಿಕ್ಕುವುದಿಲ್ಲ. ಆಗಿನ ಅನೇಕ ಪ್ರಯೋಗಾಲಯಗಳು ಕ್ರಮೇಣ ಧೂಳು ತಿಂದವು. ಈಗ ಜೇಬಿನೊಳಗಣ ದೂರವಾಣಿಯೇ ಪ್ರಯೋಗಾಲಯವಾಗಿದೆ. ಕೇಳಿದ್ದಕ್ಕೆ ಉತ್ತರವನ್ನೂ ಕೊಡುತ್ತದೆ. ಆದರೂ ಹಳೆಯ ಪ್ರಶ್ನೆ ಹಾಗೆಯೇ ಉಳಿದಿದೆ: ಕಲಿಯುವವನು ಹೇಳುತ್ತಿರುವುದು ಪಾಠವನ್ನೋ, ತನ್ನ ಮನಸ್ಸಿನ ಮಾತನ್ನೋ?

1960ರ ದಶಕದಲ್ಲಿ ಡೆಲ್ ಹೈಮ್ಸ್ ಎಂಬ ಅಮೆರಿಕದ ವಿದ್ವಾಂಸ ಈ ಪ್ರಶ್ನೆಯ ಬೇರನ್ನು ಹಿಡಿದನು. ವ್ಯಾಕರಣಶುದ್ಧವಾದ ವಾಕ್ಯವನ್ನು ರಚಿಸುವುದು ಭಾಷಾಜ್ಞಾನದ ಅರ್ಧ ಮಾತ್ರ. ಯಾರೊಡನೆ, ಯಾವಾಗ, ಎಲ್ಲಿ, ಯಾವ ಮಾತನ್ನು ಆಡಬೇಕು, ಯಾವುದನ್ನು ಆಡಬಾರದು ಎಂಬುದನ್ನು ಅರಿತಿರುವುದು ಇನ್ನರ್ಧ. ಮಾತು ಬಲ್ಲವನಿಗೆ ಜಗಳವಿಲ್ಲವೆಂಬ ಗಾದೆಯನ್ನು ಬಲ್ಲ ನಮಗೆ ಇದನ್ನು ಒಪ್ಪಿಕೊಳ್ಳಲು ಪ್ರಮಾಣ ಬೇಕಿಲ್ಲ.

ಢಾಕಾದ ವಿಮೆ, ಬೆಂಗಳೂರಿನ ವೇಳಾಪಟ್ಟಿ

ಆದರೆ ಎಲ್ಲರಿಗೂ ಮಾತೇ ಮೊದಲೆ? ಢಾಕಾದಲ್ಲಿ ಉಪಾಧ್ಯಾಯರ ತರಬೇತಿ ಕಾಲೇಜಿನಲ್ಲಿದ್ದ ಮೈಕೇಲ್ ವೆಸ್ಟ್ ‘ಅಲ್ಲ’ ಎಂದರು. 1926ರಲ್ಲಿ ಪ್ರಕಟವಾದ, ಬಂಗಾಳದ ದ್ವಿಭಾಷಿಕತೆಯನ್ನು ಕುರಿತ ವರದಿಯಲ್ಲಿ ಅವರು ಒಂದು ಸೊಗಸಾದ ವಿಚಾರವನ್ನು ಮುಂದಿಟ್ಟರು. ಜೀವವಿಮೆಯ ಕಂತನ್ನು ನಡುವೆ ನಿಲ್ಲಿಸಿದರೂ ಕಟ್ಟಿದ ಹಣಕ್ಕೆ ಒಂದಿಷ್ಟು ಮೊತ್ತ ಕೈಗೆ ಬರುತ್ತದಲ್ಲವೆ? ಭಾಷಾಶಿಕ್ಷಣಕ್ಕೂ ಅಂಥ ‘ಸರೆಂಡರ್ ಮೌಲ್ಯ’ ಇರಬೇಕು. ಬಂಗಾಳದ ಹಳ್ಳಿಯ ಹುಡುಗ ನಾಲ್ಕು ವರ್ಷ ಓದಿ ಶಾಲೆ ಬಿಟ್ಟರೆ, ಇಂಗ್ಲಿಷಿನ ಮುರುಕು ಮಾತು ಅವನಿಗೆ ಯಾವ ಪ್ರಯೋಜನಕ್ಕೂ ಬಾರದು. ಒಂದು ಪುಸ್ತಕವನ್ನು ಓದಿ ತಿಳಿಯುವ ಶಕ್ತಿ ಬಂದಿದ್ದರೆ ಅದು ಜೀವನವಿಡೀ ಉಳಿಯುತ್ತದೆ. ಆದ್ದರಿಂದ ಮೊದಲು ಓದು ಎಂದರು ವೆಸ್ಟ್. ಪದಗಳನ್ನು ಎಣಿಸಿ ಆಯ್ದು, ಪುಟಕ್ಕೆ ಇಷ್ಟೇ ಹೊಸ ಪದವೆಂದು ಮಿತಿ ಹಾಕಿ, ವಾಚನಮಾಲೆಗಳನ್ನು ರಚಿಸಿದರು. ಅವರ ತೀರ್ಮಾನವನ್ನು ಇಂದು ನಾವು ಒಪ್ಪದಿರಬಹುದು. ಅವರು ಕೇಳಿದ ಪ್ರಶ್ನೆಯನ್ನು ಮಾತ್ರ ಮರೆಯಲಾಗದು. ಈ ಮಗುವಿಗೆ ಈ ಭಾಷೆ ಯಾತಕ್ಕೆ ಬೇಕು?

ಇನ್ನೊಂದು ದೊಡ್ಡ ಪ್ರಯೋಗ ನಮ್ಮ ಬೆಂಗಳೂರಿನ ಹೆಸರಿನಿಂದಲೇ ಪ್ರಪಂಚಕ್ಕೆ ಪರಿಚಿತವಾಗಿದೆ. ಅದರ ಸೂತ್ರಧಾರರು ಎನ್. ಎಸ್. ಪ್ರಭು. 1979ರಿಂದ 1984ರವರೆಗೆ ಬೆಂಗಳೂರು, ಮದ್ರಾಸು ಮೊದಲಾದ ಕಡೆಗಳ ಕೆಲವು ಸಾಧಾರಣ ಶಾಲೆಗಳಲ್ಲಿ ಅದು ನಡೆಯಿತು. ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯೂ ಬ್ರಿಟಿಷ್ ಕೌನ್ಸಿಲ್ಲೂ ಅದಕ್ಕೆ ಬೆಂಬಲವಾಗಿದ್ದವು. ಪ್ರಭು ಅವರ ವಾದ ಸರಳವಾದದ್ದು: ಮನಸ್ಸು ಅರ್ಥದಲ್ಲಿ ತೊಡಗಿರುವಾಗಲೇ ಭಾಷೆಯ ರೂಪ ಅರಿವಿಲ್ಲದೆ ಒಳಗಿಳಿಯುತ್ತದೆ. ಆದ್ದರಿಂದ ಅವರ ತರಗತಿಯಲ್ಲಿ ವ್ಯಾಕರಣದ ಪಾಠವಿಲ್ಲ. ಬದಲಿಗೆ ಬಿಡಿಸಬೇಕಾದ ಸಮಸ್ಯೆಯಿದೆ. ಒಂದು ರೈಲ್ವೆ ವೇಳಾಪಟ್ಟಿ. ಇಷ್ಟು ಗಂಟೆಗೆ ಆ ಊರು ಮುಟ್ಟಬೇಕಾದವನು ಯಾವ ಗಾಡಿ ಹತ್ತಬೇಕು? ಒಂದು ನಕ್ಷೆ. ಇಲ್ಲಿಂದ ಅಲ್ಲಿಗೆ ಹತ್ತಿರದ ದಾರಿ ಯಾವುದು? ಉಪಾಧ್ಯಾಯರು ಮೊದಲು ಅಂಥದೇ ಒಂದು ಸಮಸ್ಯೆಯನ್ನು ತರಗತಿಯೊಡನೆ ಮಾತನಾಡುತ್ತ ಬಿಡಿಸಿ ತೋರಿಸುತ್ತಾರೆ. ಆಮೇಲೆ ಮಕ್ಕಳು ತಾವೇ ಇನ್ನೊಂದನ್ನು ಬಿಡಿಸುತ್ತಾರೆ. ಮಾತನಾಡಲೇಬೇಕೆಂಬ ಬಲವಂತವಿಲ್ಲ, ತಿಳಿದರೆ ಸಾಕು, ಮಾತು ತಾನಾಗಿ ಹಿಂಬಾಲಿಸುತ್ತದೆ. ಸಲಕರಣೆ? ಕಪ್ಪುಹಲಗೆ, ಸೀಮೆಸುಣ್ಣ, ಒಂದಿಷ್ಟು ಕಾಗದ.

ಹೊರಗಿನ ಪರೀಕ್ಷಕರಿಬ್ಬರು ಈ ಮಕ್ಕಳನ್ನು ಮಾಮೂಲು ಕ್ರಮದಲ್ಲಿ ಓದಿದವರೊಡನೆ ಹೋಲಿಸಿ ನೋಡಿ 1985ರಲ್ಲಿ ವರದಿ ಕೊಟ್ಟರು. ವಾಕ್ಯರಚನೆಯ ಪರೀಕ್ಷೆಯಲ್ಲಿ ಮಾಮೂಲು ಮಕ್ಕಳು ಮುಂದಿದ್ದರು. ಸಮಸ್ಯೆ ಬಿಡಿಸುವ ಪರೀಕ್ಷೆಯಲ್ಲಿ ಪ್ರಭು ಅವರ ಮಕ್ಕಳು ಮುಂದಿದ್ದರು. ಇಬ್ಬರಿಗೂ ಸಮನಾದ ಇತರ ಪರೀಕ್ಷೆಗಳಲ್ಲಿ ಬಹುಮಟ್ಟಿಗೆ ಪ್ರಯೋಗದ ಮಕ್ಕಳದೇ ಮೇಲುಗೈಯಾಯಿತು. ಪ್ರಭು ತಮ್ಮ ಅನುಭವವನ್ನು 1987ರಲ್ಲಿ ಗ್ರಂಥವಾಗಿ ಪ್ರಕಟಿಸಿದರು. ಇಂದು ಭಾಷಾಬೋಧನೆಯ ವಿದ್ಯಾರ್ಥಿಗಳು ದೇಶವಿದೇಶಗಳಲ್ಲಿ ‘ಬೆಂಗಳೂರು ಪ್ರಯೋಗ’ದ ಹೆಸರು ಹೇಳುತ್ತಾರೆ. ಆ ಹೆಸರು ಬೆಂಗಳೂರಿನ ಎಷ್ಟು ಮನೆಗಳಲ್ಲಿ ಕೇಳಿಬಂದಿದೆ?

ನಮ್ಮ ಕನ್ನಡವನ್ನು ಪರರು ಕಲಿಯುವಾಗ

ಇಷ್ಟನ್ನೆಲ್ಲ ಓದಿ ತಿಳಿದಿದ್ದ ನಾನು ಸ್ವತಃ ಉಪಾಧ್ಯಾಯನಾಗಿ ಎಡವಿದ್ದನ್ನು ಹೇಳದಿದ್ದರೆ ಈ ಲೇಖನ ಪೂರ್ತಿಯಾಗದು.

ನಮ್ಮ ವಠಾರಕ್ಕೆ ಉತ್ತರದೇಶದಿಂದ ಒಂದು ತರುಣ ದಂಪತಿ ಬಂದಿತು. ಆ ಹೆಣ್ಣುಮಗಳಿಗೆ ಕನ್ನಡ ಕಲಿಯುವ ಆಸೆ. ಕನ್ನಡದಲ್ಲಿ ಎಂ.ಎ. ಮಾಡಿದ ಮೇಷ್ಟ್ರು ಪಕ್ಕದಲ್ಲಿಯೇ ಇರುವಾಗ ಬೇರೆ ಗುರುವನ್ನು ಹುಡುಕುವುದೇಕೆ? ನಾನೂ ಹೆಮ್ಮೆಯಿಂದ ಒಪ್ಪಿದೆ. ಅಕ್ಷರ, ಕಾಗುಣಿತ, ವಿಭಕ್ತಿ, ಕಾಲಗಳೆಂದು ಕ್ರಮವಾಗಿ ಕಲಿಸಿದೆ. ಎರಡೂವರೆ ತಿಂಗಳಲ್ಲಿ ಅವರು ಅಂಗಡಿಯ ಫಲಕಗಳನ್ನೆಲ್ಲ ಓದತೊಡಗಿದರು. ನನ್ನ ಬೋಧನೆಗೆ ನಾನೇ ಬೆನ್ನು ತಟ್ಟಿಕೊಂಡೆ.

ಒಂದು ಬೆಳಿಗ್ಗೆ ತರಕಾರಿಯ ಗಾಡಿ ಬಂದಾಗ, ಅವರು ಧೈರ್ಯಮಾಡಿ, ‘ದಯವಿಟ್ಟು ನನಗೆ ಅರ್ಧ ಕಿಲೋಗ್ರಾಂ ಬದನೆಕಾಯಿಯನ್ನು ಕೊಡಿರಿ’ ಎಂದರು. ವಾಕ್ಯದಲ್ಲಿ ಒಂದೇ ಒಂದು ದೋಷವಿರಲಿಲ್ಲ. ಗಾಡಿಯವನು ಒಂದು ಗಳಿಗೆ ಪಿಳಿಪಿಳಿ ನೋಡಿ, ‘ಏನಮ್ಮಾ, ರೇಡಿಯೋದಲ್ಲಿ ವಾರ್ತೆ ಓದ್ದಂಗೆ ಮಾತಾಡ್ತೀರಲ್ಲ!’ ಎಂದು ನಕ್ಕನು. ಸುತ್ತ ನಿಂತಿದ್ದವರೂ ನಕ್ಕರು. ಅವನ ನಗೆಯಲ್ಲಿ ಕುಹಕವಿರಲಿಲ್ಲ. ಆದರೆ ಮರುದಿನದಿಂದ ಆಕೆ ಬೆರಳು ತೋರಿಸಿ ತರಕಾರಿ ಕೊಳ್ಳತೊಡಗಿದರು. ಪಾಠಕ್ಕೂ ಬರಲಿಲ್ಲ. ಹ್ಯಾಂಬರ್ಗಿನ ಕ್ಷೌರದಂಗಡಿ ನಮ್ಮ ವಠಾರದ ಬಾಗಿಲಿಗೇ ಬಂದಿತ್ತು!

ನಾನು ಕಲಿಸಿದ್ದು ಕನ್ನಡವೇ. ಆದರೆ ಯಾರೂ ಮನೆಯಲ್ಲಿ ಆಡದ ಕನ್ನಡ. ನಾವು ‘ಹೋಗುತ್ತೇನೆ’ ಎಂದು ಬರೆಯುತ್ತೇವೆ. ಮೈಸೂರು ಸೀಮೆಯಲ್ಲಿ ‘ಹೋಗ್ತೀನಿ’ ಎನ್ನುತ್ತೇವೆ. ಮಂಗಳೂರಿನವರು ‘ಹೋಗ್ತೇನೆ’ ಎನ್ನುತ್ತಾರೆ. ಧಾರವಾಡದ ಕಡೆ ‘ಹೋಗ್ತೇನ್ರಿ’ ಎಂದು ಕೇಳಿಬರುತ್ತದೆ. ‘ಮನೆಯಲ್ಲಿ’ ಎಂದು ಬರೆದು ‘ಮನೇಲಿ’ ಎಂದು ಆಡುತ್ತೇವೆ. ಅದೂ ಹೋಗಲಿ, ಮನೆಯಿಂದ ಹೊರಡುವಾಗ ‘ಹೋಗ್ತೀನಿ’ ಎನ್ನುವುದುಂಟೆ? ‘ಹೋಗಿ ಬರ್ತೀನಿ’ ಎನ್ನಬೇಕು. ‘ಊಟ ಆಯ್ತಾ?’ ಎಂಬ ಪ್ರಶ್ನೆಗೆ ಊಟದ ವಿವರ ಒಪ್ಪಿಸಬೇಕಾಗಿಲ್ಲ, ಅದು ಕುಶಲಪ್ರಶ್ನೆ. ‘ದಯವಿಟ್ಟು’ ಎಂಬುದು ಬಸ್ಸಿನ ಫಲಕಕ್ಕೆ ಒಪ್ಪುತ್ತದೆ; ನೆರೆಮನೆಯಲ್ಲಿ ‘ಸ್ವಲ್ಪ ನೀರು ಕೊಡ್ತೀರಾ?’ ಎಂದರೆ ಆ ‘ಸ್ವಲ್ಪ’ದಲ್ಲಿ, ಆ ‘ರಾ’ದಲ್ಲಿ ವಿನಯವೆಲ್ಲ ಅಡಗಿದೆ. ಇವಾವುವೂ ನನ್ನ ಪಾಠದಲ್ಲಿ ಇರಲಿಲ್ಲ.

ಈ ಅಂತರವನ್ನು ಕಂಡವರಿಲ್ಲವೆಂದಲ್ಲ. 1817ರಲ್ಲಿ ಸೆರಾಂಪುರದಲ್ಲಿ ವಿಲಿಯಂ ಕೇರಿ ಇಂಗ್ಲಿಷಿನಲ್ಲಿ ಕನ್ನಡ ವ್ಯಾಕರಣವನ್ನು ಅಚ್ಚುಹಾಕಿಸಿದಂದಿನಿಂದಲೂ ಹೊರಗಿನವರು ಕನ್ನಡ ಕಲಿಯಲು ಹೊತ್ತಗೆಗಳು ಹುಟ್ಟುತ್ತಲೇ ಬಂದಿವೆ. 1853ರಲ್ಲಿ ಮಂಗಳೂರಿಗೆ ಬಂದ ಕಿಟ್ಟೆಲ್ ಅವರು 1894ರಲ್ಲಿ ಹೊರತಂದ ಮಹಾನಿಘಂಟಿನಲ್ಲಿ ಹಳಗನ್ನಡ ಕಾವ್ಯದ ಪದಗಳ ಪಕ್ಕದಲ್ಲಿಯೇ ಜನರ ಬಾಯಿಯ ಗಾದೆಗಳಿಗೂ ಪೀಠ ಹಾಕಿದರು. ಅಮೆರಿಕದ ವಿಲಿಯಂ ಬ್ರೈಟ್ ಆಡುಗನ್ನಡದ ರೂಪರೇಖೆಯನ್ನೇ 1958ರಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಮೂಲಕ ಪ್ರಕಟಿಸಿದರು. 1969ರಲ್ಲಿ ಮೈಸೂರಿನಲ್ಲಿ ಭಾರತೀಯ ಭಾಷೆಗಳ ಕೇಂದ್ರೀಯ ಸಂಸ್ಥೆ ಆರಂಭವಾಯಿತು. ಯು. ಪಿ. ಉಪಾಧ್ಯಾಯ ಮತ್ತು ಎನ್. ಡಿ. ಕೃಷ್ಣಮೂರ್ತಿ ಅವರ ಸಂಭಾಷಣಾ ಕನ್ನಡದ ಪುಸ್ತಕ 1972ರಲ್ಲಿ ಹೊರಬಂದಿತು. ಸಾಮಗ್ರಿ ಇತ್ತು, ನನ್ನ ಪಾಂಡಿತ್ಯದ ಬಿಂಕ ಅತ್ತ ನೋಡಗೊಡಲಿಲ್ಲ.

ಆ ಹೆಣ್ಣುಮಗಳ ಬಾಯಿ ತೆರೆಸಿದವರು ಕೆಳಗಿನ ಮನೆಯ ಅಜ್ಜಿ. ಅಜ್ಜಿಗೆ ಕನ್ನಡವೊಂದೇ ಗೊತ್ತು. ಸಂಜೆಯ ಹೊತ್ತು ಹೂವಿನ ಬುಟ್ಟಿ ಮುಂದಿಟ್ಟುಕೊಂಡು, ‘ಬಾ ಮಗಾ, ಕೂತ್ಕೋ. ಈ ಎರಡು ಮೊಗ್ಗು ಹೀಗಿಡು. ದಾರ ಸುತ್ತು. ಎಳಿ. ಹಾಂ, ಬಿಗಿಯಾಗಿ ಎಳಿ’ ಎನ್ನುತ್ತಿದ್ದರು. ಗುವಾನನ ಸರಣಿ ಪಾಠವೇ ಅದು! ಅಜ್ಜಿ ಆ ಗ್ರಂಥವನ್ನು ಓದಿರಲಿಲ್ಲ, ಅಷ್ಟೆ. ತಪ್ಪು ಹೇಳಿದರೆ ಅಜ್ಜಿ ನಗುತ್ತಿದ್ದರು. ಆದರೆ ನಕ್ಕ ಮೇಲೆ ಸರಿಯಾದ ಮಾತನ್ನು ಹೇಳಿ, ಇನ್ನೊಂದು ಮೊಗ್ಗನ್ನು ಕೈಗಿಡುತ್ತಿದ್ದರು.

ಕೆಲವು ತಿಂಗಳು ಕಳೆದವು. ಅಜ್ಜಿಯ ಮಗ ಕೆಲಸದ ಮೇಲೆ ಪರಊರಿಗೆ ಹೋಗಿದ್ದ ರಾತ್ರಿ ಅಜ್ಜಿಗೆ ವಿಪರೀತ ಜ್ವರ ಬಂದಿತು. ವಠಾರದಲ್ಲಿ ಮೊದಲು ಗಮನಿಸಿದವರು ಆಕೆಯೇ. ಅಜ್ಜಿಯ ಮಗನಿಗೆ ತಾವೇ ದೂರವಾಣಿ ಮಾಡಿದರು: ‘ಅಜ್ಜಿಗೆ ತುಂಬ ಜ್ವರ. ಊಟ ಮಾಡಿಲ್ಲ. ನಾನು ಇಲ್ಲೇ ಇದೀನಿ. ನೀನು ಬೇಗ ಬಾ!’ ಐವತ್ತು ದಾಟಿದ ಗೃಹಸ್ಥರಿಗೆ, ‘ನೀನು ಬಾ’! ಅಜ್ಜಿ ತನ್ನನ್ನು ಕರೆಯುತ್ತಿದ್ದ ಮಾತನ್ನೇ ಆಕೆ ಕಲಿತಿದ್ದರು. ಅವರಿಗೇನೂ ಕೋಪ ಬರಲಿಲ್ಲ. ರಾತ್ರಿಯ ಬಸ್ಸು ಹಿಡಿದು ಬೆಳಗಾಗುವುದರೊಳಗೆ ಬಂದರು. ಅಜ್ಜಿ ಚೇತರಿಸಿಕೊಂಡ ಮೇಲೆ, ‘ಮೇಷ್ಟ್ರೇ, ನನ್ನ ತಂಗಿಯೊಬ್ಬಳು ಇದ್ದಿದ್ದರೆ ಹಾಗೇ ಕರೀತಿದ್ದಳು’ ಎಂದು ನನ್ನೆದುರು ಕಣ್ಣೊರಸಿಕೊಂಡರು.

ಆ ವಾರವೇ ಆಕೆ ಮತ್ತೆ ಪಾಠಕ್ಕೆ ಬಂದರು. ಯಾರಿಗೆ ‘ಬಾ’, ಯಾರಿಗೆ ‘ಬನ್ನಿ’ ಎಂಬುದನ್ನು ಹೇಳಿಕೊಡಬೇಕೆಂದು ಕೇಳಿದರು. ಈ ಸಲ ನಾನು ವಿಭಕ್ತಿಯ ಪಟ್ಟಿಯನ್ನು ಹೊರತೆಗೆಯಲಿಲ್ಲ. ಅವರು ದಿನವೂ ಭೇಟಿಯಾಗುವ ಹತ್ತು ಜನರ ಪಟ್ಟಿ ಮಾಡಿ, ಒಬ್ಬೊಬ್ಬರೊಡನೆ ಹೇಗೆ ಮಾತನಾಡಬೇಕೆಂಬುದನ್ನು ಬರೆದುಕೊಟ್ಟೆ. ಪಟ್ಟಿಯಲ್ಲಿ ಮೊದಲನೆಯವನು ತರಕಾರಿ ಗಾಡಿಯವನು.

ಕೊಳ್ಳುವ ಮುನ್ನ

ಮಕ್ಕಳಿಗಾಗಲಿ ತಮಗಾಗಲಿ ಭಾಷಾಪಾಠದ ಪುಸ್ತಕವನ್ನೋ ಶಿಕ್ಷಣವನ್ನೋ ಗೊತ್ತುಮಾಡುವ ಮುನ್ನ ಓದುಗರು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬಹುದು. ಈ ಭಾಷೆ ನಮಗೆ ಯಾತಕ್ಕೆ ಬೇಕು: ಓದಲಿಕ್ಕೋ, ಆಡಲಿಕ್ಕೋ? ಇದರಲ್ಲಿರುವ ಮಾತನ್ನು ಜೀವಂತ ಮನುಷ್ಯರು ನಿಜವಾಗಿ ಆಡುತ್ತಾರೆಯೆ? ಕಲಿಯುವವನು ತನ್ನದೇ ಆದ ಮಾತನ್ನು ಹೇಳಲು ಇಲ್ಲಿ ಅವಕಾಶವಿದೆಯೆ, ಅಥವಾ ಬರೆದುಕೊಟ್ಟದ್ದನ್ನೇ ಒಪ್ಪಿಸಬೇಕೆ? ಪುಸ್ತಕ ಬೇಡವೆಂದು ನಾನು ಹೇಳಲಾರೆ. ‘ಬಾ’ ಮತ್ತು ‘ಬನ್ನಿ’ಗಳ ಭೇದವನ್ನು ಬಿಡಿಸಿ ಹೇಳಲು ಕೊನೆಗೆ ವ್ಯಾಕರಣವೇ ಬೇಕಾಯಿತು. ಆದರೆ ಅದು ಮಾತಿನ ಹಿಂದೆ ಬಂದಾಗ ದೀಪವಾಗುತ್ತದೆ. ಮಾತಿಗೆ ಮುಂಚೆ ಬಂದು ನಿಂತರೆ ಬಾಗಿಲಿಗೆ ಬೀಗವಾಗುತ್ತದೆ.

ಇನ್ನೊಂದು ಮಾತು. ಕಲಿಯುವವನ ಹೊಣೆಯಂತೆಯೇ ಕೇಳುವವರ ಹೊಣೆಯೂ ಉಂಟು. ಹ್ಯಾಂಬರ್ಗಿನ ಆ ಅಂಗಡಿಯಲ್ಲಿ ನಕ್ಕವರಲ್ಲಿ ಒಬ್ಬನಾದರೂ, ನಕ್ಕ ಮೇಲೆ, ‘ಅದನ್ನು ಹೀಗೆ ಹೇಳಬೇಕಪ್ಪ’ ಎಂದು ತಿದ್ದಿ ಹೇಳಿದ್ದರೆ ಗುವಾನನ ನಿಘಂಟಿನ ತಪಸ್ಸು ಬಹುಶಃ ತಪ್ಪುತ್ತಿತ್ತು. ನಮ್ಮ ಊರಿಗೆ ಬಂದು ನಮ್ಮ ನುಡಿಯನ್ನು ತೊದಲುವವರು ದಿನವೂ ನಮಗೆ ಎದುರಾಗುತ್ತಾರೆ; ಮನೆಯಲ್ಲಿ ನಮ್ಮ ಮಗುವೇ ಇಂಗ್ಲಿಷಿನ ವಾಕ್ಯವೊಂದನ್ನು ಅಂಜುತ್ತ ಹೊರಗಿಡುತ್ತದೆ. ನಗು ಬಂದರೆ ನಗೋಣ. ಆದರೆ ಅಜ್ಜಿಯಂತೆ, ನಕ್ಕ ಮೇಲೆ ಇನ್ನೊಂದು ಮೊಗ್ಗನ್ನು ಕೈಗಿಡುವುದನ್ನು ಮರೆಯದಿರೋಣ.